ಸಂವಹನದ ಯಾವ ಮಾದರಿ ನಿಮ್ಮ ಕೆಲಸಕ್ಕೆ ಸರಿ? ಮಂಗನ ಕಾಯಿಲೆಯ ಜಾಗೃತಿ ಇಟ್ಟುಕೊಂಡು ಒಂದು ಹೋಲಿಕೆ

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಒಂದು ಹಳ್ಳಿ. ಹಿರಿಯ ಹೆಂಗಸೊಬ್ಬರು ತಲೆ ಮೇಲೆ ದರಕಿನ, ಅಂದರೆ ಒಣ ಎಲೆಯ, ಹೊರೆ ಹೊತ್ತು ಬರುತ್ತಿದ್ದರು. ಮಂಗನ ಕಾಯಿಲೆಯ ಕರಪತ್ರ ಕೊಡಲು ಹೋದೆ. "ಇದು ಮೊನ್ನೆನೇ ಬಂದಿದೆ. ಮೊಮ್ಮಗಳು ಓದಿ ಹೇಳಿದಾಳೆ" ಅಂದರು. ಹೊರೆ ಇಳಿಸಿ, ಸುಧಾರಿಸಿಕೊಂಡು, ಆಮೇಲೆ ಕೇಳಿದರು: "ನಮ್ಮ ಕಡೆ ಮಂಗ ಯಾರಿಗೂ ಕಚ್ಚಿಲ್ಲ ಮಾರಾಯ್ತಿ. ಮತ್ತೆ ಕಾಯಿಲೆ ಎಲ್ಲಿಂದ ಬರ್ತದೆ?"

ಕರಪತ್ರ ಅವರ ಮನೆ ಸೇರಿತ್ತು. ಓದುವವರು ಮನೆಯಲ್ಲಿದ್ದರು. ಬರೆದದ್ದರಲ್ಲಿ ಒಂದು ತಪ್ಪೂ ಇರಲಿಲ್ಲ. ಆದರೂ ವಿಷಯ ಮುಟ್ಟಿರಲಿಲ್ಲ. ಈ ಕಾಯಿಲೆ ಮನುಷ್ಯರಿಗೆ ಬರುವುದು ಉಣುಗು (ಉಣ್ಣೆ) ಕಚ್ಚಿ. ಆ ಉಣುಗು ಇರುವುದು ಅವರು ಆಗಷ್ಟೇ ತಲೆಯಿಂದ ಇಳಿಸಿದಂಥ ಒಣ ಎಲೆಯಲ್ಲಿ. ಕಾಯಿಲೆಯ ಹೆಸರೇ ಅವರ ಕಣ್ಣನ್ನು ಮರದ ಮೇಲಕ್ಕೆ ತಿರುಗಿಸಿತ್ತು. ಅಪಾಯ ಕಾಲ ಬುಡದಲ್ಲಿತ್ತು.

"ಸಂವಹನದ ಇಷ್ಟೊಂದು ಮಾದರಿಗಳಲ್ಲಿ ಯಾವುದನ್ನು ಹಿಡಿಯಲಿ?" ಎಂದು ನನ್ನನ್ನು ಕೇಳುವವರಿಗೆ ಈ ಘಟನೆಯನ್ನೇ ಮೊದಲು ಹೇಳುತ್ತೇನೆ. ಕೇಳುವವರು ಹೆಚ್ಚಾಗಿ ಮೂರು ತರದವರು. ಪತ್ರಿಕೋದ್ಯಮವನ್ನೋ ಕೃಷಿ ವಿಸ್ತರಣೆಯನ್ನೋ ಓದುತ್ತಾ ಪ್ರಾಜೆಕ್ಟ್‌ಗೆ ಒಂದು ಚೌಕಟ್ಟು ಹುಡುಕುವವರು. ಆಶಾ ಕಾರ್ಯಕರ್ತೆಯರಿಗೆ, ಸ್ವಸಹಾಯ ಸಂಘದವರಿಗೆ ತರಬೇತಿ ಕೊಡುವವರು. ಮತ್ತೆ ಊರಿನ ಯುವಕ ಸಂಘದವರು: ಕೈಯಲ್ಲಿ ಸ್ವಲ್ಪ ದುಡ್ಡಿದೆ, ಕರಪತ್ರ ಹಾಕಿಸೋದಾ, ಆಟೋಗೆ ಮೈಕ್ ಕಟ್ಟಿಸೋದಾ, ಬೀದಿ ನಾಟಕ ಮಾಡಿಸೋದಾ ಅಂತ ಯೋಚಿಸುವವರು. ಮೂವರಿಗೂ ಉಪಯೋಗವಾಗಲಿ ಅಂತ ಒಂದೇ ಉದಾಹರಣೆ ಇಟ್ಟುಕೊಂಡು ಎಲ್ಲ ಮಾದರಿಗಳನ್ನೂ ತೂಗಿ ನೋಡುತ್ತೇನೆ.

ಮಂಗನ ಕಾಯಿಲೆಯನ್ನು ಗುರುತಿಸಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹೆಚ್ಚಾಗಿ ಡಿಸೆಂಬರ್‌ನಿಂದ ಮೇವರೆಗೆ ಕಾಣಿಸುತ್ತದೆ. ಜನರಿಗೆ ತಿಳಿಸಬೇಕಾದದ್ದು ಎರಡೇ ಮಾತು. ಕಾಡಿಗೆ, ಬೆಟ್ಟಕ್ಕೆ ಹೋಗುವ ಮುಂಚೆ ಆರೋಗ್ಯ ಇಲಾಖೆ ಕೊಡುವ, ಉಣುಗನ್ನು ದೂರವಿಡುವ ಡೆಪಾ ಎಣ್ಣೆ ಹಚ್ಚಿಕೊಳ್ಳಿ. ಸತ್ತ ಮಂಗ ಕಂಡರೆ ಮುಟ್ಟಬೇಡಿ, ಕೂಡಲೇ ತಿಳಿಸಿ.

ಅಳೆಯುವುದು ಹೇಗೆ

ಯಾವ ಮಾದರಿ ತೆಗೆದುಕೊಂಡರೂ ಒಳಗಿನ ಸಾಮಾನು ಹೆಚ್ಚುಕಮ್ಮಿ ಒಂದೇ. ಹೇಳುವವರು, ಸಂದೇಶ, ಮಾಧ್ಯಮ, ಕೇಳುವವರು. ಮನಸ್ಸಿನಲ್ಲಿದ್ದದ್ದನ್ನು ಮಾತಿಗೋ ಚಿತ್ರಕ್ಕೋ ಇಳಿಸುವ ಕೆಲಸ, ಅದನ್ನು ಕೇಳಿದವರು ಮತ್ತೆ ಅರ್ಥಕ್ಕೆ ತಿರುಗಿಸಿಕೊಳ್ಳುವ ಕೆಲಸ. ನಡುವೆ ಬರುವ ಅಡ್ಡಿ. ತಿರುಗಿ ಬರುವ ಉತ್ತರ, ಅಂದರೆ ಪಠ್ಯಪುಸ್ತಕದ ಹಿಮ್ಮಾಹಿತಿ. ಇದೆಲ್ಲ ನಡೆಯುವ ಸಂದರ್ಭ. ಒಂದು ಮಾದರಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಇಷ್ಟೇ: ಇವುಗಳಲ್ಲಿ ಯಾವುದನ್ನು ಮುಂದೆ ತರುತ್ತದೆ, ಯಾವುದನ್ನು ಬಿಟ್ಟುಬಿಡುತ್ತದೆ.

ನಾನು ಮುಖ್ಯವಾಗಿ ಕೇಳುವ ಪ್ರಶ್ನೆ ಒಂದು. ಮಾತು ಎಲ್ಲಿ ಮುರಿಯಿತು ಅಂತ ಈ ಮಾದರಿ ನನಗೆ ತೋರಿಸುತ್ತದಾ? ಮಾತು ನಾಲ್ಕು ಕಡೆ ಮುರಿಯಬಹುದು. ತಲುಪದೇ ಹೋಗಬಹುದು. ತಲುಪಿಯೂ ಅರ್ಥವಾಗದಿರಬಹುದು. ಅರ್ಥವಾದರೂ ಹೇಳಿದವರ ಮೇಲೆ ನಂಬಿಕೆ ಬರದಿರಬಹುದು. ನಂಬಿದರೂ ಮಾಡಲು ಕೈಲಾಗದಿರಬಹುದು. ಎಣ್ಣೆ ಹಚ್ಚದವರೆಲ್ಲ ಒಂದೇ ಕಾರಣಕ್ಕೆ ಹಚ್ಚದೇ ಇರುವುದಿಲ್ಲ ಅಲ್ವಾ?

ಇದರ ಜೊತೆ ಇನ್ನೂ ಮೂರನ್ನು ನೋಡುತ್ತೇನೆ. ಉತ್ತರ ತಿರುಗಿ ಬರಲು ದಾರಿ ಇದೆಯಾ? ಹೇಳುವವರಿಗೂ ಕೇಳುವವರಿಗೂ ಇರುವ ಸಂಬಂಧಕ್ಕೆ, ಅಂದರೆ ವಯಸ್ಸು, ಜಾತಿ, ಗಂಡು-ಹೆಣ್ಣು, ಅಧಿಕಾರ ಇವಕ್ಕೆಲ್ಲ ಅದರಲ್ಲಿ ಜಾಗ ಇದೆಯಾ? ಆ ಮಾದರಿಯಂತೆ ನಡೆದರೆ ಎಷ್ಟು ದುಡ್ಡು, ಎಷ್ಟು ದಿನ ಬೇಕು?

ಶಾನನ್ ಮತ್ತು ವೀವರ್: ತಲುಪಿತಾ ಇಲ್ವಾ?

ಎಲ್ಲರಿಗೂ ಮೊದಲು ಕಣ್ಣಿಗೆ ಬೀಳುವುದು ಈ ಚಿತ್ರ. ಕ್ಲಾಡ್ ಶಾನನ್ ಬೆಲ್ ಲ್ಯಾಬ್ಸ್‌ನಲ್ಲಿದ್ದ ಗಣಿತಜ್ಞ. 1948ರಲ್ಲಿ ತಮ್ಮ ಪ್ರಬಂಧ ಪ್ರಕಟಿಸಿದರು. ಮರುವರ್ಷ ವಾರೆನ್ ವೀವರ್ ಅವರ ವಿವರಣೆ ಸೇರಿ ಪುಸ್ತಕವಾಯಿತು. ಮೂಲ, ಕಳಿಸುವ ಯಂತ್ರ, ದಾರಿ, ಹಿಡಿಯುವ ಯಂತ್ರ, ಗುರಿ, ಮಧ್ಯದಲ್ಲಿ ಗದ್ದಲ. ಒಂದು ಗೆರೆ, ಒಂದು ಬಾಣ. ಐದು ನಿಮಿಷದಲ್ಲಿ ಹಲಗೆ ಮೇಲೆ ಬರೆದು ತೋರಿಸಬಹುದು.

ಒಂದು ವಿಷಯ ನೆನಪಿಡಿ. ಶಾನನ್ ಬಿಡಿಸಲು ಹೊರಟದ್ದು ಎಂಜಿನಿಯರಿಂಗ್ ಸಮಸ್ಯೆ. ಸಂದೇಶದ ಅರ್ಥಕ್ಕೂ ಆ ಸಮಸ್ಯೆಗೂ ಸಂಬಂಧವಿಲ್ಲ ಎಂದು ಅವರೇ ಬರೆದಿದ್ದರು. ಸಂಕೇತ ಸರಿಯಾಗಿ ತಲುಪುವುದು, ಅರ್ಥವಾಗುವುದು, ಪರಿಣಾಮ ಬೀರುವುದು ಎಂದು ಮೂರು ಹಂತ ಹೇಳಿದವರು ವೀವರ್. ಹಾಗಾಗಿ ಈ ಮಾದರಿಯಿಂದ ಅರ್ಥದ ಪ್ರಶ್ನೆಗೆ ಉತ್ತರ ಕೇಳಿದರೆ ತಪ್ಪು ಅದರದ್ದಲ್ಲ.

ತಲುಪುವ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಮಲೆನಾಡಿನ ಎಷ್ಟೋ ಒಂಟಿ ಮನೆಗಳಿಗೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಮೈಕ್ ಕಟ್ಟಿದ ಆಟೋ ಟಾರ್ ರಸ್ತೆ ಬಿಟ್ಟು ಇಳಿಯುವುದಿಲ್ಲ. ಅದು ಬರುವ ಹೊತ್ತಿಗೆ ಜನ ತೋಟದಲ್ಲಿರುತ್ತಾರೆ. ಇವನ್ನೆಲ್ಲ ಪಟ್ಟಿ ಮಾಡಲು ಈ ಗೆರೆ-ಬಾಣ ಸಾಕು. ಅದೇ ಮಾತನ್ನು ಮತ್ತೆ ಮತ್ತೆ ಹೇಳಿದರೆ ಗದ್ದಲವನ್ನು ಗೆಲ್ಲಬಹುದು ಎಂಬುದೂ ಈ ಕಡೆಯಿಂದಲೇ ಬಂದ ಪಾಠ. ತುರ್ತು ಸುದ್ದಿಗೆ, ಉದಾಹರಣೆಗೆ "ನಾಳೆ ಬೆಳಿಗ್ಗೆ ಶಾಲೆ ಹತ್ತಿರ ಎಣ್ಣೆ ಹಂಚುತ್ತಾರೆ" ಅನ್ನುವಂಥದ್ದಕ್ಕೆ, ಕಣ್ಣುಮುಚ್ಚಿ ಇದನ್ನೇ ಹಿಡಿಯಿರಿ.

ತೊಂದರೆ ಎಲ್ಲಿ ಅಂದರೆ, ಈ ಚಿತ್ರ ತಲೆಯಲ್ಲಿ ಕೂತರೆ ಎಲ್ಲ ಸೋಲಿಗೂ ಒಂದೇ ಮದ್ದು ಕಾಣುತ್ತದೆ: ಇನ್ನೂ ಜೋರಾಗಿ ಹೇಳು, ಇನ್ನೂ ಸಾವಿರ ಕರಪತ್ರ ಹಾಕಿಸು. ಆ ಹಿರಿಯರಿಗೆ ಇನ್ನೂ ಹತ್ತು ಕರಪತ್ರ ಕೊಟ್ಟಿದ್ದರೂ ಅವರು ಮಂಗನನ್ನೇ ನೋಡುತ್ತಿದ್ದರು.

ಲಾಸ್‌ವೆಲ್, ಬರ್ಲೋ: ಕಾಗದದ ಮೇಲೆ ಯೋಜನೆ ಮಾಡುವವರಿಗೆ

ಹೆರಾಲ್ಡ್ ಲಾಸ್‌ವೆಲ್ ರಾಜ್ಯಶಾಸ್ತ್ರದವರು. ಅವರದ್ದೂ 1948. ಯಾರು, ಏನನ್ನು, ಯಾವ ಮಾಧ್ಯಮದಲ್ಲಿ, ಯಾರಿಗೆ ಹೇಳುತ್ತಾರೆ, ಪರಿಣಾಮ ಏನು? ಐದೇ ಪ್ರಶ್ನೆ. ಅನುದಾನಕ್ಕೆ ಅರ್ಜಿ ಬರೆಯುವವರಿಗೆ, ಪತ್ರಿಕೆಯ ಸುದ್ದಿ ವಿಶ್ಲೇಷಣೆ ಮಾಡುವ ವಿದ್ಯಾರ್ಥಿಗಳಿಗೆ ಇದು ಚೆನ್ನಾಗಿ ಒದಗುತ್ತದೆ. ಖರ್ಚಿಲ್ಲ. ಐದರಲ್ಲಿ "ಯಾರಿಗೆ" ಅನ್ನುವುದನ್ನು ಮಾತ್ರ ಸುಮ್ನೆ "ಸಾರ್ವಜನಿಕರಿಗೆ" ಅಂತ ಬರೆದು ಮುಗಿಸಬೇಡಿ. ದರಕು ಗುಡಿಸಲು ಹೋಗುವವರು, ಸೊಪ್ಪಿನಬೆಟ್ಟಕ್ಕೆ ಹೋಗುವವರು, ದನ ಮೇಯಿಸುವವರು, ಹೊರಗಿನಿಂದ ಅಡಿಕೆ ಕೊಯ್ಲಿಗೆ ಬಂದವರು, ಈ ನಾಲ್ವರಿಗೂ ಒಂದೇ ಮಾತು ಆಗುವುದಿಲ್ಲ. ಉತ್ತರದ ದಾರಿ ಇದರಲ್ಲಿ ಇಲ್ಲ. ಪರಿಣಾಮವನ್ನು ಕೊನೆಯಲ್ಲಿ ಅಳೆಯುವುದಷ್ಟೇ.

ಹೀಗೆ ಒಂದೇ ದಿಕ್ಕಿಗೆ ಯೋಚಿಸಿದರೆ ಏನು ಸಾಧ್ಯ, ಏನು ಅಸಾಧ್ಯ ಎಂಬುದಕ್ಕೆ ನಮ್ಮಲ್ಲೇ ದೊಡ್ಡ ಉದಾಹರಣೆ ಇದೆ. 1975ರ ಆಗಸ್ಟ್‌ನಿಂದ ಒಂದು ವರ್ಷ ಸೈಟ್ ಎಂಬ ಉಪಗ್ರಹ ಟಿವಿ ಪ್ರಯೋಗ ನಡೆಯಿತು. ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕೃಷಿ, ಆರೋಗ್ಯ, ಶಿಕ್ಷಣದ ಕಾರ್ಯಕ್ರಮ ಬಂತು. ನಮ್ಮ ಕಲಬುರಗಿ, ರಾಯಚೂರು, ವಿಜಯಪುರ ಕಡೆಯ ಹಳ್ಳಿಗಳೂ ಅದರಲ್ಲಿದ್ದವು. ಟಿವಿಯನ್ನೇ ನೋಡದ ಊರಿಗೆ ಚಿತ್ರ ಇಳಿದದ್ದು ದೊಡ್ಡ ಸಾಧನೆ. ಆದರೆ ಹಳ್ಳಿಯ ಮಾತು ಆ ಪೆಟ್ಟಿಗೆಯೊಳಗಿಂದ ವಾಪಸ್ ಹೋಗುವ ಹಾಗಿರಲಿಲ್ಲ. ಜನ ಏನಂದುಕೊಂಡರು ಎಂದು ತಿಳಿಯಲು ಸಂಶೋಧಕರು ಹಳ್ಳಿಗಳಲ್ಲೇ ಉಳಿಯಬೇಕಾಯಿತು.

ಡೇವಿಡ್ ಬರ್ಲೋ 1960ರಲ್ಲಿ ಕೊಟ್ಟ ಮಾದರಿಯನ್ನು ಕೃಷಿ ಕಾಲೇಜಿನಲ್ಲಿ ಓದಿದವರು ಮರೆಯಲಾರರು. ಮೂಲ, ಸಂದೇಶ, ಮಾಧ್ಯಮ, ಸ್ವೀಕರಿಸುವವರು ಅಂತ ನಾಲ್ಕು ಕಂಬ. ಹೇಳುವವರನ್ನೂ ಕೇಳುವವರನ್ನೂ ಅವರು ಒಂದೇ ಐದು ಅಳತೆಯಲ್ಲಿ ನೋಡುತ್ತಾರೆ: ಕೌಶಲ್ಯ, ಮನೋಭಾವ, ತಿಳಿವಳಿಕೆ, ಸಮಾಜ, ಸಂಸ್ಕೃತಿ. ಅದು ನನಗೆ ಇಷ್ಟ. ಕೇಳುವವರು ಖಾಲಿ ಪಾತ್ರೆಯಲ್ಲ ಎಂದು ಅದು ಒಪ್ಪುತ್ತದೆ. ಮಾಧ್ಯಮ ಅಂದರೆ ಅವರಿಗೆ ಪಂಚೇಂದ್ರಿಯಗಳು. ಇದನ್ನು ನಾನು ತರಬೇತಿಯಲ್ಲಿ ಬಹಳ ಬಳಸಿದ್ದೇನೆ. ಎಳೆ ಉಣುಗು ರಾಗಿ ಕಾಳಿನಷ್ಟು ಸಣ್ಣ. ಮಾತಿನಲ್ಲಿ ಹೇಳಿದರೆ ಹೋಗುವುದಿಲ್ಲ, ಅಂಗೈ ಮೇಲೆ ರಾಗಿ ಕಾಳು ಇಟ್ಟು ತೋರಿಸಬೇಕು. ಎಣ್ಣೆಯನ್ನು ಅಲ್ಲೇ ಕೈಗೆ ಹಚ್ಚಿ, ಮೂಸಿ ನೋಡಲು ಬಿಡಬೇಕು. ಆಗಲೇ "ಬೆವರಿಗೆ ಮೈ ಅಂಟಂಟು ಆಗ್ತದಲ್ಲ, ದರಕಿನ ಪುಡಿ ಎಲ್ಲ ಮೆತ್ತಿಕೊಳ್ಳಲ್ವಾ?" ಅನ್ನುವ ಮಾತು ಹೊರಗೆ ಬರುವುದು. ಇದು ನಾಲ್ಕನೇ ಮುರಿತ, ಮಾಡಲು ಆಗದಿರುವುದು. ಆದರೆ ಬರ್ಲೋ ಚಿತ್ರದಲ್ಲಿ ಹಿಮ್ಮಾಹಿತಿಯ ಬಾಣ ಇಲ್ಲ. ಆ ಮಾತನ್ನು ಬರೆದುಕೊಳ್ಳುವ ಕೆಲಸ ನೀವೇ ಸೇರಿಸಿಕೊಳ್ಳಬೇಕು.

ಶ್ರಾಮ್: ಎರಡು ವೃತ್ತ ಎಲ್ಲಿ ಕೂಡುತ್ತವೆ?

ಕೈಯಲ್ಲಿ ದುಡ್ಡು ಕಡಿಮೆ, ಸಮಯ ಸ್ವಲ್ಪ ಇದೆ ಅನ್ನುವವರಿಗೆ ನಾನು ಇದನ್ನೇ ಕೊಡುವುದು. ವಿಲ್ಬರ್ ಶ್ರಾಮ್ 1954ರಲ್ಲಿ ಚಾರ್ಲ್ಸ್ ಆಸ್‌ಗುಡ್ ಅವರ ಆಲೋಚನೆ ಸೇರಿಸಿ ಗೆರೆಯನ್ನು ಸುತ್ತಾಗಿ ಬಗ್ಗಿಸಿದರು. ಇಬ್ಬರೂ ಹೇಳುವವರೇ, ಇಬ್ಬರೂ ಕೇಳುವವರೇ. ಜೊತೆಗೆ ಇನ್ನೊಂದು ಮಾತು: ಪ್ರತಿಯೊಬ್ಬರ ಸುತ್ತ ಅವರ ಅನುಭವದ ವೃತ್ತ ಇರುತ್ತದೆ. ಎರಡು ವೃತ್ತ ಕೂಡುವಷ್ಟು ಜಾಗದಲ್ಲಿ ಮಾತ್ರ ಅರ್ಥ ದಾಟುತ್ತದೆ.

ಆ ಹಿರಿಯರ ವೃತ್ತವನ್ನು ನೋಡಿ. ಮಂಗ ಅಂದರೆ ತೋಟಕ್ಕೆ ನುಗ್ಗುವ ಪ್ರಾಣಿ. ಸತ್ತರೆ ಹನುಮಂತ, ಅರಿಶಿನ ಕುಂಕುಮ ಹಚ್ಚಿ ಮಣ್ಣು ಮಾಡಬೇಕು. ವೈರಸ್ ಅನ್ನುವುದು ಆ ವೃತ್ತದಲ್ಲಿ ಇಲ್ಲ. ನಮ್ಮ ಕರಪತ್ರ ಶುರುವಾಗಿದ್ದೇ ವೈರಸ್‌ನಿಂದ. ಆದರೆ ಉಣುಗು ಇದೆ! ದನದ ಕಿವಿ ಸಂದಿಯಿಂದ ಕಿತ್ತು ಕಿತ್ತು ಅವರ ಬೆರಳಿಗೆ ಅದು ಗೊತ್ತು. ಮಂಗನ ಕಾಯಿಲೆ ಹರಡುವ ಉಣುಗು ದೊಡ್ಡದಾದ ಮೇಲೆ ದನಕ್ಕೂ ಹತ್ತುತ್ತದೆ. ಹಾಗಾದರೆ ಮಾತು ಶುರುವಾಗಬೇಕಾದದ್ದು ಕೊಟ್ಟಿಗೆಯಿಂದ.

"ದನಕ್ಕೆ ಹತ್ತೋ ಉಣುಗು ನೋಡಿದೀರಲ್ಲ ಅಮ್ಮ, ಅದರ ಮರಿ ಈ ದರಕಲ್ಲಿ ಇರ್ತದೆ. ಮಂಗನ ರಕ್ತ ಕುಡಿದದ್ದು ನಿಮ್ಮ ಕಾಲಿಗೂ ಹತ್ತಬಹುದು." ಇಷ್ಟು ಹೇಳಿದಾಗ ಅವರು ಮಾತಾಡಲಿಲ್ಲ. ಹೊರೆಯಿಂದ ಎರಡು ಹೆಜ್ಜೆ ಆಚೆ ಸರಿದು ಸೀರೆ ಕೊಡವಿಕೊಂಡರು. ಅದೇ ಅವರ ಉತ್ತರ.

ಈ ಮಾದರಿ ನಡೆಸಲು ಬೇಕಾದದ್ದು ಕೇರಿಗೊಂದು ಮಧ್ಯಾಹ್ನ, ಹೇಳುವುದಕ್ಕಿಂತ ಕೇಳುವ ಮನಸ್ಸು, ಒಂದಿಷ್ಟು ಚಹಾ. ಕೊನೆಗೆ "ಅರ್ಥ ಆಯ್ತಾ?" ಅಂತ ಕೇಳಬೇಡಿ. ಎಲ್ಲರೂ "ಹೂಂ" ಅಂತಾರೆ. "ಇದನ್ನ ನಿಮ್ಮ ಮೊಮ್ಮಗಳಿಗೆ ಹೇಗೆ ಹೇಳ್ತೀರಿ?" ಅಂತ ಕೇಳಿ. ಅವರು ಹೇಳುವ ವಾಕ್ಯವನ್ನೇ ಕರಪತ್ರಕ್ಕೆ ಹಾಕಿ. ಇದರ ಮಿತಿಯೂ ಸ್ಪಷ್ಟ. ನೂರಾರು ಹಳ್ಳಿಗೆ ಹೀಗೆ ಕೂರಲು ಆಗುವುದಿಲ್ಲ. ಇಬ್ಬರೂ ಸಮಾನರು ಎಂಬಂತೆ ಸುತ್ತು ಬರೆಯುತ್ತದೆ, ನಿಜದಲ್ಲಿ ಹಾಗಿರುವುದು ಅಪರೂಪ.

ಎರಡು ಹಂತದ ಹರಿವು: ಮೊದಲು ಯಾರ ಹತ್ತಿರ ಹೋಗಬೇಕು?

1940ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಹೊತ್ತಿಗೆ ಪಾಲ್ ಲಜಾರ್ಸ್‌ಫೆಲ್ಡ್ ಮತ್ತು ಜೊತೆಗಾರರು ಒಹಾಯೋದ ಈರಿ ಕೌಂಟಿಯಲ್ಲಿ ಅಧ್ಯಯನ ಮಾಡಿದರು. ರೇಡಿಯೋ, ಪತ್ರಿಕೆ ನೇರವಾಗಿ ಮತದಾರರ ಮನಸ್ಸು ಬದಲಿಸುತ್ತದೆ ಎಂದು ಅಂದುಕೊಂಡದ್ದು ಅಷ್ಟಾಗಿ ಕಾಣಲಿಲ್ಲ. ವಿಷಯ ಮೊದಲು ಊರಿನಲ್ಲಿ ಮಾತು ನಡೆಯುವ ಕೆಲವರಿಗೆ, ಅವರಿಂದ ಉಳಿದವರಿಗೆ ಹೋಗುತ್ತಿತ್ತು. 1955ರಲ್ಲಿ ಎಲಿಹು ಕಾಟ್ಜ್ ಜೊತೆ ಸೇರಿ ಇದನ್ನು ಇನ್ನಷ್ಟು ಬೆಳೆಸಿದರು.

ನಮ್ಮ ಊರಿಗೆ ಇದನ್ನು ಹಾಕಿ ನೋಡಿ. ಹಾಲಿನ ಡೇರಿಗೆ ಬೆಳಿಗ್ಗೆ ಸಂಜೆ ಎಲ್ಲರೂ ಬರುತ್ತಾರೆ, ಅಳೆಯುವವರ ಹತ್ತಿರ ಎರಡು ಮಾತಾಡಿ ಹೋಗುತ್ತಾರೆ. ದರಕಿಗೆ ಹೋಗುವ ಹೆಂಗಸರ ಗುಂಪಿನಲ್ಲಿ "ಇವತ್ತು ಈ ಕಡೆ ಹೋಗೋಣ" ಅನ್ನುವವರು ಒಬ್ಬರು ಇರುತ್ತಾರೆ. ಅವರು ಎಣ್ಣೆ ಹಚ್ಚಿದರೆ ಉಳಿದವರು ಹಚ್ಚುತ್ತಾರೆ. ಮೂರನೇ ಮುರಿತಕ್ಕೆ, ಅಂದರೆ ನಂಬಿಕೆ ಇಲ್ಲದ ಕಡೆ, ಇದು ಅಗ್ಗದ ಮತ್ತು ಬೇಗನೆ ಫಲ ಕೊಡುವ ದಾರಿ. ಒಂದು ಎಚ್ಚರ: ಅಂಥವರು ಯಾರೆಂದು ಪಂಚಾಯ್ತಿ ಸದಸ್ಯರ ಪಟ್ಟಿ ನೋಡಿ ತೀರ್ಮಾನಿಸಬೇಡಿ. "ಜ್ವರ ಬಂದ್ರೆ ಮೊದಲು ಯಾರನ್ನ ಕೇಳ್ತೀರಿ?" ಎಂದು ಹತ್ತು ಮನೆಯಲ್ಲಿ ವಿಚಾರಿಸಿ. ಒಂದು ಕೇರಿಯವರ ಮಾತು ಇನ್ನೊಂದು ಕೇರಿಗೆ ನಡೆಯದೇ ಇರಬಹುದು. ಕೇರಿಗೊಬ್ಬರನ್ನು ಬೇರೆ ಬೇರೆಯಾಗಿ ಹುಡುಕಬೇಕು.

ಬಾರ್ನ್‌ಲಂಡ್: ಸಂಬಂಧವೇ ಕೆಟ್ಟಿರುವಾಗ

ಡೀನ್ ಬಾರ್ನ್‌ಲಂಡ್ 1970ರಲ್ಲಿ ಹೇಳಿದ್ದು ಸ್ವಲ್ಪ ಕಷ್ಟದ ಮಾತು. ಸಂದೇಶ ಒಬ್ಬರಿಂದ ಇನ್ನೊಬ್ಬರಿಗೆ ಹೋಗುವ ವಸ್ತುವಲ್ಲ. ಇಬ್ಬರೂ ಒಂದೇ ಹೊತ್ತಿಗೆ ಒಬ್ಬರನ್ನೊಬ್ಬರು ಓದುತ್ತಾ ಅರ್ಥ ಕಟ್ಟುತ್ತಾರೆ. ಬಟ್ಟೆ, ನಿಂತ ರೀತಿ, ಜಾಗ, ಹಳೆಯ ನೆನಪು ಎಲ್ಲವೂ ಅರ್ಥದಲ್ಲಿ ಸೇರುತ್ತವೆ.

ಖಾಕಿ ತೊಟ್ಟವರು ಬಂದು "ಕಾಡಿಗೆ ಹೋಗಬೇಡಿ" ಅಂದರೆ, ಕೇಳುವವರ ಕಿವಿಗೆ "ಕಾಡು ನಿಮ್ಮದಲ್ಲ" ಅಂತ ಬೀಳುತ್ತದೆ. ಸತ್ತ ಮಂಗದ ಸುದ್ದಿ ಕೊಡದ ಒಬ್ಬರು ನನಗೆ ಹೇಳಿದ್ದು ಇದು: "ಹೇಳಿದ್ರೆ ಬೆಟ್ಟಕ್ಕೆ ಹೋಗೋದು ನಿಲ್ಲಿಸ್ತಾರೆ ಅಕ್ಕ. ಕೊಟ್ಟಿಗೆಗೆ ದರಕು ಎಲ್ಲಿಂದ ತರೋದು?" ಅವರಿಗೆ ಕಾಯಿಲೆ ಗೊತ್ತಿತ್ತು, ಉಣುಗೂ ಗೊತ್ತಿತ್ತು. ಇಲ್ಲಿ ಕರಪತ್ರ, ಮೈಕ್, ನಾಟಕ ಯಾವುದೂ ಕೆಲಸಕ್ಕೆ ಬರುವುದಿಲ್ಲ. ಕೂತು ಮಾತಾಡಿ ಒಂದು ಒಪ್ಪಂದಕ್ಕೆ ಬರಬೇಕು: ಸುದ್ದಿ ಕೊಟ್ಟರೆ ಆ ಜಾಗದ ಸುತ್ತ ಉಣುಗು ಕೊಲ್ಲುವ ಪುಡಿ ಹೊಡೆಯುತ್ತಾರೆ, ಅಷ್ಟು ದಿನ ದರಕಿಗೆ ಬೇರೆ ಯಾವ ಜಾಗ?

ಈ ಮಾದರಿಗೆ ದುಡ್ಡು ಬೇಡ, ತಿಂಗಳುಗಟ್ಟಲೆ ಸಮಯ ಬೇಕು. ಅಳೆದು ವರದಿ ಬರೆಯುವುದು ಕಷ್ಟ. ಸಂದರ್ಶನ ಮಾಡಿ ಪ್ರಬಂಧ ಬರೆಯುವ ವಿದ್ಯಾರ್ಥಿಗಳಿಗೆ ಮಾತ್ರ ಇದರಷ್ಟು ಕೊಡುವುದು ಬೇರೆ ಇಲ್ಲ. ಕೋಲಾರದ ಬೂದಿಕೋಟೆಯ 'ನಮ್ಮ ಧ್ವನಿ' ಎಂಬ ಸಮುದಾಯ ಬಾನುಲಿಯನ್ನು ಈ ಕಣ್ಣಿನಿಂದ ನೋಡಬಹುದು. 2006ರ ಸಮುದಾಯ ಬಾನುಲಿ ನೀತಿ ಬರುವ ಮುಂಚೆ ಊರಿನ ಸಂಘಗಳಿಗೆ ಪ್ರಸಾರದ ಪರವಾನಗಿ ಸಿಗುವ ಹಾಗಿರಲಿಲ್ಲ. ಅವರು ಕೇಬಲ್ ಮೂಲಕವೇ ಮನೆಗಳಿಗೆ ಧ್ವನಿ ಮುಟ್ಟಿಸಿದರು. ಕೇಳುವ ಊರಿನವರೇ ಕಾರ್ಯಕ್ರಮ ಮಾಡುವವರೂ ಆಗಿದ್ದರು.

ಸಾಧಾರಣೀಕರಣ: ನಮ್ಮದೇ ನೆಲದ ಮಾದರಿ

ಸಹೃದಯ ಎಂಬ ಮಾತು ಕನ್ನಡದವರಿಗೆ ಹೊಸದಲ್ಲ. ನಾಟ್ಯಶಾಸ್ತ್ರದ ಭರತನ ರಸ ವಿಚಾರದಿಂದ ಬೆಳೆದು, ಕಾವ್ಯಮೀಮಾಂಸಕ ಭಟ್ಟನಾಯಕನ ಹೆಸರಿನೊಂದಿಗೆ ಸೇರಿಕೊಂಡ ಸಾಧಾರಣೀಕರಣವನ್ನು ಇಪ್ಪತ್ತನೇ ಶತಮಾನದ ಕೊನೆಗೆ ಭಾರತದ ಸಂವಹನ ವಿದ್ವಾಂಸರು ಮತ್ತೆ ಎತ್ತಿಕೊಂಡರು. ನೇಪಾಳದ ನಿರ್ಮಲಮಣಿ ಅಧಿಕಾರಿ 2003ರಲ್ಲಿ ಅದನ್ನು ಪೂರ್ತಿ ಮಾದರಿಯಾಗಿ ಚಿತ್ರಿಸಿದರು. ಇದರಲ್ಲಿ ಗುರಿ ಮಾಹಿತಿ ದಾಟಿಸುವುದಲ್ಲ. ಹೇಳುವವರ ಭಾವ ಕೇಳುವವರದ್ದೂ ಆಗಬೇಕು, ಇಬ್ಬರೂ ಸಹೃದಯರಾಗಬೇಕು. ಅಡ್ಡಿಗೆ ಇಲ್ಲಿ ದೋಷ ಎಂದು ಹೆಸರು.

ಮಲೆನಾಡಿನಲ್ಲಿ ಇದು ಪುಸ್ತಕದ ಮಾತಾಗಿ ಉಳಿಯಬೇಕಿಲ್ಲ. ಯಕ್ಷಗಾನ ಮೇಳಗಳ ತಿರುಗಾಟದ ಕಾಲವೂ ಉಣುಗಿನ ಕಾಲವೂ ಹೆಚ್ಚುಕಮ್ಮಿ ಒಂದೇ. ಅರ್ಧ ಗಂಟೆಯ ತಾಳಮದ್ದಳೆಯಲ್ಲಿ ಹನುಮಂತನ ಪಾತ್ರಧಾರಿಯೇ "ನನ್ನ ಕುಲದವರು ಸತ್ತು ಬಿದ್ದಾಗ ಮುಟ್ಟಬೇಡಿ, ಸುದ್ದಿ ಕೊಡಿ, ಅದೇ ನನಗೆ ಮಾಡುವ ಸಂಸ್ಕಾರ" ಅಂದರೆ ಹೇಗಿರುತ್ತದೆ ಯೋಚಿಸಿ. ಮಣ್ಣು ಮಾಡುವ ಭಕ್ತಿಯನ್ನು ಮೂಢನಂಬಿಕೆ ಅಂತ ತಳ್ಳದೆ, ಅದೇ ಭಕ್ತಿಯಿಂದ ದಾರಿ ಬದಲಿಸುವುದು ಉಳಿದ ಮಾದರಿಗಳಿಗೆ ಹೊಳೆಯುವುದು ಕಷ್ಟ. ಖರ್ಚು ಜಾಸ್ತಿ. ಒಳ್ಳೆ ಅರ್ಥಧಾರಿ ಸಿಗಬೇಕು. ಯಕ್ಷಗಾನ ಇಲ್ಲದ ಊರಿನಲ್ಲಿ ಬೇರೆ ಕಲೆ ಹುಡುಕಬೇಕು. ಇನ್ನೊಂದು ಕೊರತೆ ನನಗೆ ದೊಡ್ಡದಾಗಿ ಕಾಣುತ್ತದೆ: ಸಹೃದಯತೆ ಮೊದಲೇ ಇದೆ ಅಂತ ಇದು ಹಿಡಿದುಕೊಳ್ಳುತ್ತದೆ. ಆಟಕ್ಕೆ ಬರಲು ಹಿಂಜರಿಯುವ ಕೇರಿಯವರು ಈ ಚಿತ್ರದ ಹೊರಗೇ ಉಳಿಯುತ್ತಾರೆ.

ನಿಮಗೆ ಯಾವುದು?

ವಿದ್ಯಾರ್ಥಿಗಳೇ, ನಿಮ್ಮ ಬಳಿ ಇರುವ ಸಾಮಗ್ರಿ ನೋಡಿ ತೀರ್ಮಾನಿಸಿ. ಕರಪತ್ರ, ಪೋಸ್ಟರ್ ಕೈಯಲ್ಲಿದ್ದರೆ ಲಾಸ್‌ವೆಲ್. ಎಷ್ಟು ಮನೆಗೆ ತಲುಪಿತು ಎಂಬ ಲೆಕ್ಕ ಇದ್ದರೆ ಶಾನನ್. ಜನರ ಮಾತಿನ ದಾಖಲೆ ಇದ್ದರೆ ಶ್ರಾಮ್ ಅಥವಾ ಬಾರ್ನ್‌ಲಂಡ್. ಎರಡು ಮಾದರಿ ತೆಗೆದುಕೊಂಡು ಒಂದಕ್ಕೆ ಕಾಣದ್ದು ಇನ್ನೊಂದಕ್ಕೆ ಹೇಗೆ ಕಂಡಿತು ಎಂದು ತೋರಿಸಿದರೆ ಪ್ರಬಂಧಕ್ಕೆ ಜೀವ ಬರುತ್ತದೆ.

ತರಬೇತಿ ಕೊಡುವವರಿಗೆ ಅರ್ಧ ದಿನ ಮಾತ್ರ ಸಿಕ್ಕರೆ ಬರ್ಲೋ ಪಟ್ಟಿ ಸಾಕು. ಪೂರ್ತಿ ದಿನ ಸಿಕ್ಕರೆ ಮಧ್ಯಾಹ್ನದ ಮೇಲೆ ಶ್ರಾಮ್: ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ, ಕೇಳಿದ್ದನ್ನು ತಮ್ಮ ಮಾತಿನಲ್ಲಿ ವಾಪಸ್ ಹೇಳಿಸಿ.

ಯುವಕ ಸಂಘದವರೇ, ನವೆಂಬರ್ ಶುರುವಿಗೆ ನಿಮ್ಮ ಹತ್ತಿರ ನಾಲ್ಕು ವಾರ ಇದೆ ಅಂದುಕೊಳ್ಳಿ. ಮೊದಲ ವಾರ ಹತ್ತು ಮನೆ ಸುತ್ತಿ, ಮಾತು ನಡೆಯುವವರು ಯಾರೆಂದು ಕೇಳಿಕೊಳ್ಳಿ. ಎರಡನೇ ವಾರ ಅವರ ಜೊತೆ ಕೂತು, ನಾಲ್ಕರಲ್ಲಿ ಎಲ್ಲಿ ಮುರಿದಿದೆ ನೋಡಿ. ತಲುಪಿಲ್ಲ ಅಂದರೆ ದುಡ್ಡನ್ನು ಆಟೋಗೆ ಹಾಕಿ, ಹಾಲು ಹಾಕಲು ಬರುವ ಹೊತ್ತಿಗೆ ಡೇರಿ ಮುಂದೆ ನಿಲ್ಲಿಸಿ. ಅರ್ಥವಾಗಿಲ್ಲ ಅಂದರೆ ಕೇರಿ ಸಭೆ. ನಂಬಿಕೆ ಇಲ್ಲ ಅಂದರೆ ದರಕಿನ ಗುಂಪಿನ ಮುಂದಾಳು. ಮಾಡಲು ಆಗುತ್ತಿಲ್ಲ ಅಂದರೆ ಜಾಗೃತಿಯ ದುಡ್ಡು ಉಳಿಸಿ, ಆ ಅಡ್ಡಿ ಏನೆಂದು ಬರೆದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೊಡಿ. ಕರಪತ್ರ ಬೇಕೇ ಬೇಕು ಅಂದರೆ ಮೂರನೇ ವಾರ ಅಚ್ಚಿಗೆ ಕೊಡಿ, ಅದಕ್ಕಿಂತ ಮೊದಲು ಬೇಡ. ಮೇಲ್ಗಡೆ ಉಣುಗಿನ ಚಿತ್ರ ಹಾಕಿ, ಮಂಗನದ್ದಲ್ಲ.